ಕಣಿಕೆ ತುಂಬಿದ ಟ್ರ್ಯಾಕ್ಟರ್ ರೈಲ್ವೆ ಗೇಟು ದಾಟುವಾಗ

ಪ್ರಶ್ನೆ (ಶಹಾಬಾದ್ ಕಡೆಯ ರೈತ):
ನಮ್ಮ ಹೊಲ ವಾಡಿ–ಕಲಬುರಗಿ ಜೋಡಿ ಹಳಿಯ ಆಚೆಗಿದೆ. ಬಿಳಿಜೋಳದ ರಾಶಿ ಮುಗಿದ ಮೇಲೆ ಕಣಿಕೆ (ಜೋಳದ ಒಣ ದಂಟು) ಹೇರಿಕೊಂಡು ಗೇಟು ದಾಟುವಾಗ, ಮುಂದಿನ ಎತ್ತಿನ ಗಾಡಿ ಹಠಾತ್ತಾಗಿ ನಿಂತು ನನ್ನ ಟ್ರೇಲರ್ ಹಳಿಯ ಮೇಲೆಯೇ ಉಳಿಯಿತು. ಗೇಟ್‌ಮ್ಯಾನ್ ಕೂಗಿ ಗಾಡಿಯವರನ್ನು ಸರಿಸದಿದ್ದರೆ ಏನಾಗುತ್ತಿತ್ತೋ. ಇಂಜಿನ್ ಅಲ್ಲೇ ಬಂದ್ ಆದರೆ ಏನು ಮಾಡಬೇಕು? ಹೇರು ಎಷ್ಟು ಎತ್ತರವಿರಬಹುದು? ಮಗ ಬೈಕಿನಲ್ಲಿ ಅದೇ ದಾರಿಯಲ್ಲಿ ಓಡಾಡುತ್ತಾನೆ, ಅವನಿಗೇನು ಹೇಳಲಿ?

ಉತ್ತರ 1 (ಗೇಟಿನಲ್ಲಿ ದುಡಿದು ನಿವೃತ್ತನಾದವನು):
ಹಳಿಯ ಆಚೆ ನಿಮ್ಮ ಟ್ರ್ಯಾಕ್ಟರ್ ಮತ್ತು ಟ್ರೇಲರ್ ಎರಡಕ್ಕೂ ಜಾಗ ಖಾಲಿ ಕಾಣುವವರೆಗೆ ಮುಂದಿನ ಗಾಲಿಯನ್ನು ಹಳಿಗೆ ಹತ್ತಿಸಬೇಡಿ, ಹಿಂದಿನವರು ಎಷ್ಟೇ ಹಾರ್ನ್ ಹಾಕಲಿ. ಹೇರಿದ ಟ್ರ್ಯಾಕ್ಟರ್ ಗಂಟೆಗೆ 5 ಕಿ.ಮೀ. ವೇಗದಲ್ಲಿ ಜೋಡಿ ಹಳಿ ದಾಟಲು ಹದಿನೈದು–ಇಪ್ಪತ್ತು ಸೆಕೆಂಡು ಬೇಕು, 110 ಕಿ.ಮೀ. ವೇಗದ ರೈಲು ಅಷ್ಟರಲ್ಲಿ ಅರ್ಧ ಕಿಲೋಮೀಟರ್ ಬಂದಿರುತ್ತದೆ. ಗೇರನ್ನು ಹಳಿಗೆ ಮೊದಲೇ ಬದಲಿಸಿ, ಟ್ರೇಲರಿನ ಪಿನ್ನನ್ನು ಹೊಲದಲ್ಲೇ ನೋಡಿಕೊಳ್ಳಿ.

ಎತ್ತರದ ವಿಷಯ: ಗೇಟಿನ ಎರಡೂ ಬದಿಯ ಕಮಾನು 4.67 ಮೀಟರ್, ಅಂದರೆ ಹದಿನೈದು ಅಡಿಗೆ ತುಸು ಹೆಚ್ಚು. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ, ಮುಟ್ಟದೆ ಸಮೀಪಕ್ಕೆ ಹೋದರೂ ಸಾಕು, ಅದು ಎಳೆದುಕೊಳ್ಳುತ್ತದೆ. ಆದ್ದರಿಂದ ಹೇರಿನ ಮೇಲೆ ಕುಳಿತ ಆಳನ್ನು ಕಮಾನಿಗೆ ಮೊದಲೇ ಇಳಿಸಿ. ನನ್ನ ಕಾಲದಲ್ಲಿ ಜಗಳವಾಗುತ್ತಿದ್ದುದೆಲ್ಲ ಈ ಒಂದು ಮಾತಿಗೆ.

ಇಂಜಿನ್ ನಿಂತರೆ ಮೊದಲು ಎಲ್ಲರನ್ನೂ ಇಳಿಸಿ ದೂರ ಕಳಿಸಿ, ತಕ್ಷಣ ಗೇಟ್‌ಮ್ಯಾನ್‌ಗೆ ಹೇಳಿ. ಅವನು ಸ್ಟೇಶನ್‌ಗೆ ಫೋನ್ ಮಾಡಿ, ಕೆಂಪು ಬಾವುಟ ಹಿಡಿದು ರೈಲು ತಡೆಯುವ ಕೆಲಸಕ್ಕೆ ಇಳಿಯುತ್ತಾನೆ. ಜೋಡಿ ಹಳಿಯಾದ್ದರಿಂದ ರೈಲು ಯಾವ ದಿಕ್ಕಿನಿಂದಲೂ ಬರಬಹುದು. ಟ್ರ್ಯಾಕ್ಟರನ್ನು ಉಳಿಸಲು ಹೋಗಿ ಅದರ ಮೇಲೆಯೇ ಕುಳಿತಿರಬೇಡಿ.

ಉತ್ತರ 2 (ಲಾರಿ ಚಾಲಕ, ಯಾದಗಿರಿ):
ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿಯ ಹೊತ್ತಿಗೆ ತೆಗೆದುಹಾಕಲಾಗಿದೆ. ಆದರೂ 1988ರ ಮೋಟಾರು ವಾಹನ ಕಾಯ್ದೆಯ 131ನೇ ಕಲಮು ಹೇಳುವ ಕ್ರಮ ನನಗೆ ಈಗಲೂ ರೂಢಿಯಲ್ಲಿದೆ: ಕಾವಲಿಲ್ಲದ ಕಡೆ ವಾಹನ ನಿಲ್ಲಿಸಿ, ಕ್ಲೀನರ್ ನಡೆದುಹೋಗಿ ಎರಡೂ ಕಡೆ ನೋಡಿ, ಅವನ ಹಿಂದೆಯೇ ವಾಹನ ಸಾಗಬೇಕು, ಕ್ಲೀನರ್ ಇಲ್ಲದಿದ್ದರೆ ಚಾಲಕನೇ ಇಳಿದು ನೋಡಬೇಕು. ಇನ್ನು ಮುಚ್ಚಿದ ಗೇಟನ್ನು ಮುರಿದರೆ 1989ರ ರೈಲ್ವೆ ಕಾಯ್ದೆಯ 160ನೇ ಕಲಮಿನಂತೆ ಐದು ವರ್ಷದವರೆಗೆ ಜೈಲು.

ಉತ್ತರ 3 (ಬೈಕ್ ಸವಾರ, ಕಲಬುರಗಿ):
ಕಾಕಾ, ನಿಮ್ಮ ಮಗನಿಗೆ ಹಳಿಯನ್ನು ಓರೆಯಾಗಿ ದಾಟಬಾರದೆಂದು ಹೇಳಿರಿ. ಹಳಿಯ ಪಕ್ಕದ ಸಂದಿಯಲ್ಲಿ ಮುಂದಿನ ಟೈರ್ ಸಿಕ್ಕಿಬಿದ್ದರೆ ಹ್ಯಾಂಡಲ್ ಕೈಮೀರುತ್ತದೆ. ನಾನು ಮಳೆಯಲ್ಲಿ ಹಾಗೆ ಬಿದ್ದು ಮೊಣಕೈ ಸುಲಿಸಿಕೊಂಡಿದ್ದೇನೆ. ಹಳಿಗೆ ನೇರವಾಗಿ, ನಿಧಾನವಾಗಿ, ಬ್ರೇಕ್ ಹಿಡಿಯದೆ ದಾಟಬೇಕು. ಮುಚ್ಚಿದ ಗೇಟಿನ ಕೆಳಗೆ ಬೈಕ್ ಬಾಗಿಸಿ ನುಸುಳುವವರು, ಒಂದು ರೈಲು ಹೋದ ಮೇಲೆ ಆಚೆಯ ಹಳಿಯಲ್ಲಿ ಇನ್ನೊಂದು ಬರುವುದನ್ನು ಮರೆತೇಬಿಡುತ್ತಾರೆ.

ಪ್ರಶ್ನೆ ಕೇಳಿದ ರೈತ:
ಉಪಕಾರವಾಯಿತು. ಇವತ್ತೇ ಹದಿನೈದು ಅಡಿಯ ಗಳ ಕೊಯ್ದು ಹೇರಿನ ಪಕ್ಕ ನಿಲ್ಲಿಸಿ ನೋಡಿದೆ. ಎರಡು ಸಾಲು ಕಣಿಕೆ ಇಳಿಸಬೇಕಾಯಿತು.