ನಾಯಿಗೆ ಏನು ಕೊಡಬಹುದು, ಏನು ಕೊಡಬಾರದು: ಡಾಕ್ಟರ್‌ಗೆ ಕೇಳಿ

ಡಾಕ್ಟರ್: ನಾನು ಪಶುವೈದ್ಯೆ. ಹಣ್ಣು, ತರಕಾರಿ, ನಾವು ತಿನ್ನುವ ಬೇರೆ ಯಾವುದರ ಬಗ್ಗೆಯಾದರೂ ಕೇಳಿ. ನಾಯಿ ಏನಾದರೂ ತಿಂದುಬಿಟ್ಟಿದ್ದರೆ ಅದರ ತೂಕ, ತಿಂದದ್ದೇನು, ಎಷ್ಟು, ಯಾವಾಗ ಅಂತ ಮೊದಲು ಬರೆಯಿರಿ.

ರಾಜನ ಅಮ್ಮ: ಮೇಡಂ, ಕ್ಯಾರೆಟ್ ಹಸಿಯಾಗಿ ಕೊಡಲಾ, ಬೇಯಿಸಿ ಕೊಡಲಾ?

ಡಾಕ್ಟರ್: ಎರಡೂ ಸರಿ. ಗಬಕ್ಕನೆ ನುಂಗುವ ನಾಯಿಗೆ ಸಣ್ಣಗೆ ಹೆಚ್ಚಿ ಕೊಡಿ. ಇಂಥ ತಿಂಡಿಯೆಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ ಶೇ 10 ದಾಟಬಾರದು.

ಚಿಂಟು ಮನೆ: ಸೇಬು, ಕಲ್ಲಂಗಡಿ?

ಡಾಕ್ಟರ್: ಕೊಡಿ. ಸೇಬಿನ ಬೀಜ ಮತ್ತು ನಡುವಿನ ಗಟ್ಟಿ ಭಾಗ ತೆಗೆಯಿರಿ. ಕಲ್ಲಂಗಡಿಯ ಬೀಜ, ಸಿಪ್ಪೆ ಬೇಡ.

ಬ್ರೂನೋ ಅಪ್ಪ: ಹಸಿ ಬಟಾಣಿ ಕೊಡಬಹುದಾ ಮೇಡಂ?

ಟಾಮಿ ಅಕ್ಕ: ಡಾಕ್ಟ್ರೇ, ಅರ್ಜೆಂಟ್. ನಮ್ಮ ಟಾಮಿ 9 ಕೆಜಿ. ಮೇಜಿನ ಮೇಲಿದ್ದ ಒಣದ್ರಾಕ್ಷಿ ಪ್ಯಾಕೆಟ್ ಹರಿದು ತಿಂದಿದ್ದಾನೆ. ಒಂದು ಹಿಡಿ ಹೋಗಿರಬಹುದು. ಒಂದೂವರೆ ಗಂಟೆ ಆಯಿತು. ಬಾಲ ಆಡಿಸಿಕೊಂಡು ಆರಾಮಾಗಿದ್ದಾನೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಅಂತ ಒಂದು ಫಾರ್ವರ್ಡ್ ಬಂದಿದೆ. ಲೋಟದಲ್ಲಿ ಕಲಸಿ ಇಟ್ಟಿದ್ದೇನೆ. ಕುಡಿಸಲಾ?

ಡಾಕ್ಟರ್: ಬೇಡ! ಆ ಲೋಟ ಚೆಲ್ಲಿ. ಅಷ್ಟು ಉಪ್ಪು ಹೋದರೆ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ಪೆಟ್ಟು ಬೀಳುತ್ತದೆ, ಫಿಟ್ಸ್ ಬರುತ್ತದೆ. ಪಶು ಆಸ್ಪತ್ರೆಗೆ ಫೋನ್ ಮಾಡಿ ಈಗಲೇ ಹೊರಡಿ. ಗಾಡಿ ಬೇರೆಯವರು ಓಡಿಸಲಿ, ಮುಂದಿನದನ್ನು ದಾರಿಯಲ್ಲಿ ಓದಿ.

ಆಸ್ಪತ್ರೆಯಲ್ಲಿ ವಾಂತಿ ಬರಿಸುವ ಇಂಜೆಕ್ಷನ್ ಕೊಡುತ್ತಾರೆ. ಬೇಗ ಕೊಟ್ಟಷ್ಟೂ ಒಳ್ಳೆಯದು. ಹರಿದ ಪ್ಯಾಕೆಟ್ ಒಯ್ಯಿರಿ, ಎಷ್ಟು ತಿಂದಿದ್ದಾನೆ ಅನ್ನೋ ಅಂದಾಜು ಅದರಿಂದ ಸಿಗುತ್ತದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ನಾಯಿಯ ಕಿಡ್ನಿ ಕೆಡಿಸುತ್ತದೆ ಅನ್ನುವ ವಿವರಣೆ 2021ರಲ್ಲಿ ಬಂತು. ಆ ಆಮ್ಲದ ಪ್ರಮಾಣ ದ್ರಾಕ್ಷಿಯ ತಳಿಯಿಂದ ತಳಿಗೆ, ಹಣ್ಣಿನ ಮಾಗುವಿಕೆಯ ಮೇಲೆ ಬದಲಾಗುತ್ತದೆ. ಆದ್ದರಿಂದ ಇಷ್ಟು ತಿಂದರೆ ಪರವಾಗಿಲ್ಲ ಅನ್ನೋ ಲೆಕ್ಕವೇ ಇಲ್ಲ. ಒಣಗಿದಾಗ ನೀರು ಹೋಗಿ ಆಮ್ಲ ಉಳಿಯುತ್ತದೆ, ಹಾಗಾಗಿ ಒಣದ್ರಾಕ್ಷಿ ಇನ್ನೂ ಅಪಾಯ.

ಬಾಲ ಆಡಿಸುತ್ತಿದ್ದಾನೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಮೊದಲ ದಿನ ವಾಂತಿ, ಮಂಕು ಇಷ್ಟೇ ಕಾಣಬಹುದು. ಕಿಡ್ನಿ ಸೋಲುವುದು ಒಂದರಿಂದ ಮೂರು ದಿನದಲ್ಲಿ. ಮೂತ್ರ ಕಡಿಮೆಯಾಯಿತು ಅಂತ ನಿಮಗೆ ಗೊತ್ತಾಗುವ ಹೊತ್ತಿಗೆ ತುಂಬಾ ತಡ ಆಗಿರುತ್ತದೆ.

ಟಾಮಿ ಅಕ್ಕ: ಹೊರಟೆವು.

ಸೀಸರ್ ಅಪ್ಪ: ಸುಮ್ನೆ ಯಾಕೆ ಹೆದರಿಸ್ತೀರಿ? ನಮ್ಮ ಸೀಸರ್ ವರ್ಷಗಟ್ಟಲೆ ದ್ರಾಕ್ಷಿ ತಿಂದಿದ್ದಾನೆ. ಏನೂ ಆಗಿಲ್ಲ.

ರಾಜನ ಅಮ್ಮ: ನಿಮ್ಮ ನಾಯಿಗೆ ಆಗಲಿಲ್ಲ ಅಂತ ಟಾಮಿಯನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕಾ?

ಸೀಸರ್ ಅಪ್ಪ: ನಾನು ಹಾಗೆಂದೆನಾ? ನಾಲ್ಕು ನಾಯಿ ಸಾಕಿದ್ದೇನೆ ನಾನು. ನೀವು ಮೊನ್ನೆ ತಾನೇ ಮರಿ ತಂದವರು.

ರಾಜನ ಅಮ್ಮ: ನಾಲ್ಕು ಸಾಕಿದವರು ಒಬ್ಬರನ್ನು ಆಸ್ಪತ್ರೆ ದಾರಿಯಿಂದ ವಾಪಸ್ ಕರೆಯೋ ಮಾತು ಆಡಬಾರದು.

ಚಿಂಟು ಮನೆ: ಇಬ್ಬರೂ ಬಿಡಿ. ಮೇಡಂ, ಉಣುಗು ಹತ್ತದಿರಲು ದಿನಾ ಒಂದು ಎಸಳು ಬೆಳ್ಳುಳ್ಳಿ ಕೊಡಿ ಅಂತ ಫಾರ್ವರ್ಡ್ ಓಡಾಡ್ತಿದೆ. ನಿಜವಾ?

ಡಾಕ್ಟರ್: ಸುಳ್ಳು. ಬೆಳ್ಳುಳ್ಳಿ, ಈರುಳ್ಳಿ ಎರಡೂ ಕೆಂಪು ರಕ್ತಕಣ ಒಡೆಯುತ್ತವೆ. ಬೇಯಿಸಿದರೂ, ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ಲಕ್ಷಣ ಕೆಲವು ದಿನ ಬಿಟ್ಟು ಬರುತ್ತದೆ: ವಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಂದಾಗುತ್ತದೆ. ಆಗ ಬೆಳ್ಳುಳ್ಳಿ ನೆನಪಿಗೇ ಬರುವುದಿಲ್ಲ. ದಯವಿಟ್ಟು ಆ ಫಾರ್ವರ್ಡ್ ಅಳಿಸಿ.

ಮೋತಿ ಮನೆ: ಈರುಳ್ಳಿ ಹಾಕಿದ ಸಾರು ಸ್ವಲ್ಪ ಕೊಡಬಹುದಾ?

ಡಾಕ್ಟರ್: ಈಗಷ್ಟೇ ಬರೆದೆ. ಬೇಡ.

ಬ್ರೂನೋ ಅಪ್ಪ: ಬಟಾಣಿ ಬಗ್ಗೆ ಕೇಳಿದ್ದೆ ಮೇಡಂ. ಪೀನಟ್ ಬಟರ್ ಬಗ್ಗೆಯೂ ಹೇಳಿ.

ಡಾಕ್ಟರ್: ಪೀನಟ್ ಬಟರ್ ಡಬ್ಬಿಯ ಚೀಟಿ ಓದಿ. ಕ್ಸೈಲಿಟಾಲ್ ಅಂತ ಸಕ್ಕರೆ ಬದಲು ಹಾಕುವ ಸಿಹಿ ಇದ್ದರೆ ಕೊಡಬೇಡಿ. ಕ್ಸೈಲಿಟಾಲ್, ಬರ್ಚ್ ಶುಗರ್, ಇ967, ಯಾವ ಹೆಸರಿದ್ದರೂ ಒಂದೇ. ನಾಯಿಗೆ ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿಯಬಹುದು, ಜಾಸ್ತಿ ಹೋದರೆ ಲಿವರ್ ಹೋಗುತ್ತದೆ. ಶುಗರ್‌ಫ್ರೀ ಚೂಯಿಂಗ್ ಗಮ್‌ನಲ್ಲೂ ಇರುತ್ತದೆ.

ಸೀಸರ್ ಅಪ್ಪ: ಎಲ್ಲವೂ ವಿಷ ಅಂದರೆ ನಾಯಿ ತಿನ್ನೋದೇನು?

ಡಾಕ್ಟರ್: ಕ್ಯಾರೆಟ್, ಸೇಬು, ಕಲ್ಲಂಗಡಿ. ಮೇಲೆ ಇದೆ, ಓದಿ.

ಮೋತಿ ಮನೆ: ದ್ರಾಕ್ಷಿ ಒಂದೇ ಒಂದು ಕೊಟ್ಟರೆ?

ಡಾಕ್ಟರ್: ಬೇಡ.

ಟಾಮಿ ಅಕ್ಕ: ಇಂಜೆಕ್ಷನ್ ಕೊಟ್ಟರು. ವಾಂತಿಯಲ್ಲಿ 31 ದ್ರಾಕ್ಷಿ, ನೀರು ಹೀರಿ ಉಬ್ಬಿ ಗುಂಡಗಾಗಿದ್ದವು. ನಾನೇ ಎಣಿಸಿದೆ. ಡ್ರಿಪ್ ಹಾಕಿದ್ದಾರೆ. ಮುಂಗಾಲಿನ ಬ್ಯಾಂಡೇಜ್ ನೆಕ್ಕುತ್ತಿದ್ದಾನೆ. ರಾತ್ರಿಗೆ ಮನೆಗೆ ಕರೆದುಕೊಂಡು ಹೋಗಲಾ?

ಡಾಕ್ಟರ್: ಬೇಡಮ್ಮಾ, ಅಲ್ಲೇ ಬಿಡಿ. ಎರಡು ದಿನ ಡ್ರಿಪ್ ಬೇಕಾಗಬಹುದು, ಅಲ್ಲಿಯ ಡಾಕ್ಟರ್ ಹೇಳಿದಂತೆ ಮಾಡಿ. ಮೂರು ದಿನ ದಿನಾ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ನೋಡಲು ಕೇಳಿ. ಇವತ್ತಿನದು ಸರಿ ಬಂದರೂ ನಾಳೆ, ನಾಡಿದ್ದು ಬಿಡಬೇಡಿ. ಎಷ್ಟು ಸಲ ಮೂತ್ರ ಮಾಡಿದ ಅಂತ ಬರೆದಿಡಿ. ಎಷ್ಟು ಹೊತ್ತಾದರೂ ಪರವಾಗಿಲ್ಲ, ನಂಬರ್ ಬಂದ ಕೂಡಲೇ ಇಲ್ಲಿ ಹಾಕಿ, ನಾನು ನೋಡುತ್ತೇನೆ.

ಬ್ರೂನೋ ಅಪ್ಪ: ಟಾಮಿ ಬೇಗ ಹುಷಾರಾಗಲಿ. ಮೇಡಂ, ಬಟಾಣಿ?