ದೊಡ್ಡ ಕಾಪಿ ಹಾಕಿದ್ರೆ ನ್ಯಾಸ್‌ನಿಂದ ಒಂದು ಡಿಸ್ಕ್ ಮಾಯ, ತಲೆ ಕೆಟ್ಟೋಗಿದೆ

ಮೂಲೆಪಿಸಿ:
ಬಿದ್ದಿದ್ದ ಹಳೇ ಪಿಸಿ ಎತ್ಕೊಂಡು ನ್ಯಾಸ್ (ನೆಟ್‌ವರ್ಕ್‌ನಲ್ಲಿ ಫೈಲ್ ಇಡೋ ಪೆಟ್ಟಿಗೆ) ಮಾಡ್ಕೊಂಡೆ, ಓಎಸ್ ಟ್ರೂನ್ಯಾಸ್ ಸ್ಕೇಲ್, 4 ಡಿಸ್ಕು ಸೇರಿಸಿ ಒಂದು ಪೂಲ್, ರೇಡ್‌ಝಡ್1, ಅಂದ್ರೆ ಒಂದು ಡಿಸ್ಕ್ ಹೋದ್ರೂ ಡೇಟಾ ಉಳಿಯೋ ಥರದ್ದು. ಸಣ್ಣಪುಟ್ಟ ಫೈಲ್ ಎಲ್ಲ ಸಲೀಸಾಗಿ ಹೋಗತ್ತೆ, ಫೋಟೋ ಫೋಲ್ಡರ್ ಪೂರ್ತಿ ಎಳೆದು ಹಾಕಿದ್ರೆ ಮಾತ್ರ ಅರ್ಧ ದಾರೀಲಿ ಒಂದು ಡಿಸ್ಕ್ ಮಾಯ, ಪೂಲ್ ಡಿಗ್ರೇಡೆಡ್ (ಒಂದು ಡಿಸ್ಕ್ ಕಮ್ಮಿ) ಅಂತ ತೋರ್ಸತ್ತೆ. ಪೂರ್ತಿ ಆಫ್ ಮಾಡಿ ಆನ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಬಂದು ಕೂತಿರತ್ತೆ ದರಿದ್ರದ್ದು. ಡಿಸ್ಕ್ ತನ್ನ ಆರೋಗ್ಯ ತಾನೇ ಹೇಳೋ ಸ್ಮಾರ್ಟ್ ರಿಪೋರ್ಟ್‌ನಲ್ಲಿ ಪಾಸ್ಡ್ ಅಂತಾನೇ ಇದೆ. ಕನೆಕ್ಷನ್ ಎಲ್ಲಾ ಸರಿಯಾಗೇ ಇದೆ. ಯಾವ ಸೆಟ್ಟಿಂಗ್ ಬದಲಾಯಿಸ್ಬೇಕು ಅಷ್ಟು ಹೇಳಿ ಸಾಕು.

ರೇಡ್‌ರಾಯ:
ಮಾಡೆಲ್ ನಂಬರ್ರೇ ಹಾಕ್ದೆ ಸೆಟ್ಟಿಂಗ್ ಕೇಳಿದ್ರೆ ಹೆಂಗೆ? ನೂರಕ್ಕೆ ನೂರು ಎಸ್‌ಎಂಆರ್ ಡಿಸ್ಕು. ಹೆಂಚು ಹೊದಿಸಿದ ಹಾಗೆ ಟ್ರ್ಯಾಕ್ ಮೇಲೆ ಟ್ರ್ಯಾಕ್ ಬರೆದಿರ್ತಾರೆ, ಮಧ್ಯೆ ಒಂದು ಬದಲಾಯಿಸ್ಬೇಕಂದ್ರೂ ಪಕ್ಕದ್ದೆಲ್ಲ ತಿರುಗಿ ಬರೀಬೇಕು, ಕ್ಯಾಶ್ ತುಂಬಿದ್ಮೇಲೆ ಡಿಸ್ಕು ಮಾತೇ ಆಡಲ್ಲ, ಟ್ರೂನ್ಯಾಸ್‌ನ ಫೈಲ್ ಸಿಸ್ಟಮ್ ಝಡ್‌ಎಫ್‌ಎಸ್ ಕಾದು ಕಾದು ಹೊರಗೆ ಹಾಕತ್ತೆ. ಎಸ್‌ಎಂಆರ್ ಅಂತ ಹೇಳ್ದೇ ಡಿಸ್ಕ್ ಮಾರಿದ್ರು ಅಂತ 2020ರಲ್ಲಿ ಗಲಾಟೆ ಆದ್ಮೇಲೆ ಕಂಪನಿಗಳೇ ಪಟ್ಟಿ ಬಿಟ್ಟಿದಾವೆ, ನೋಡ್ಕೊಳ್ಳಿ.

ಬಿಟ್‌ಬುಟ್ಟಿ:
ರ‍್ಯಾಮ್ ಎಷ್ಟು? ಇಸಿಸಿ ತಾನೇ, ತಪ್ಪಾದ ಬಿಟ್ ತಾನೇ ಸರಿ ಮಾಡ್ಕೊಳ್ಳೋದು? 1 ಟಿಬಿಗೆ 1 ಜಿಬಿ ಇಲ್ದೆ ಝಡ್‌ಎಫ್‌ಎಸ್ ಕಡೆ ತಲೆ ಹಾಕ್ಬಾರ್ದು.

ತಂತಿಗಂಟು:
ಮತ್ತೆ ಶುರುವಾಯ್ತು. ಮನೆ ನ್ಯಾಸ್‌ಗೆ 8 ಜಿಬಿ ಇದ್ರೆ ಓಡತ್ತೆ, ಇಸಿಸಿ ಇಲ್ಲ ಅಂತ ಯಾವ ಡಿಸ್ಕೂ ಮಾಯ ಆಗಲ್ಲ. ಡಿಸ್ಕ್ ಹೋದ ಟೈಮಿಗೆ ಕರ್ನಲ್ ಲಾಗ್‌ನಲ್ಲಿ (ಸಿಸ್ಟಮ್ ಬರ್ಕೊಳ್ಳೋ ದಾಖಲೆ) ಏನ್ ಬಂತು ಹಾಕಿ.

ಬಿಟ್‌ಬುಟ್ಟಿ:
ಮೆಮೊರೀಲಿ ಒಂದು ಬಿಟ್ ತಿರುಗಿ ಫೋಟೋ ಕೆಟ್ಟೋದಾಗ ಗೊತ್ತಾಗತ್ತೆ ಬಿಡಿ.

ಮೂಲೆಪಿಸಿ:
ಪಟ್ಟಿ ನೋಡ್ದೆ, ನಾಲ್ಕರಲ್ಲಿ ಒಂದು ಎಸ್‌ಎಂಆರ್ ಇದೆ ನಿಜ, ಆದ್ರೆ ಮಾಯ ಆಗೋದು ಅದಲ್ಲ. ಲಾಗ್‌ನಲ್ಲಿ ‘ಹಾರ್ಡ್ ರಿಸೆಟ್ಟಿಂಗ್ ಲಿಂಕ್’ ಅಂತ ಸಾಲಾಗಿ ಬಂದು ಆಮೇಲೆ ‘ಸಾಟಾ ಲಿಂಕ್ ಡೌನ್’, ಅಂದ್ರೆ ಡಿಸ್ಕಿಗೂ ಬೋರ್ಡಿಗೂ ಸಂಪರ್ಕವೇ ಕಟ್.

ರೇಡ್‌ರಾಯ:
ನೋಡಿ, ಎಸ್‌ಎಂಆರ್ ಇದೆ ಅಂತ ಹೇಳ್ಲಿಲ್ವಾ ನಾನು.

ತಂತಿಗಂಟು:
ರಾಯರೇ, ಹೋಗ್ತಿರೋದು ಬೇರೆ ಡಿಸ್ಕು ಅಂತಿದಾರೆ. ನಿಧಾನ ಆದ್ರೆ ಟೈಮ್‌ಔಟ್ ಬರತ್ತೆ, ಲಿಂಕೇ ಡೌನ್ ಆಗಿದೆ ಅಂದ್ರೆ ನಾನಾದ್ರೆ ಮೊದ್ಲು ಕೇಬಲ್ಲು, ಪವರ್ರು ನೋಡ್ತೀನಿ. ಸ್ಮಾರ್ಟ್‌ನಲ್ಲಿ ಬರೀ ಪಾಸ್ಡ್ ನೋಡಿ ಬಿಡ್ಬೇಡಿ, ಒಳಗಿನ ಸಾಲು ನೋಡಿ. ನಂಬರ್ 199, ಸಿಆರ್‌ಸಿ ಎರರ್ ಕೌಂಟ್ (ಡೇಟಾ ದಾರೀಲಿ ಎಷ್ಟು ಸಲ ಕೆಟ್ಟಿತು ಅನ್ನೋ ಲೆಕ್ಕ), ಏರ್ತಾ ಇದ್ರೆ ಡೇಟಾ ಕೇಬಲ್. ನಂಬರ್ 12, ಪವರ್ ಸೈಕಲ್ ಕೌಂಟ್ (ಡಿಸ್ಕ್ ಎಷ್ಟು ಸಲ ಆನ್ ಆಯ್ತು ಅನ್ನೋ ಲೆಕ್ಕ): ಈಗ ನಾಲ್ಕೂ ಡಿಸ್ಕಿಂದು ಬರ್ಕೊಳ್ಳಿ, ಕಾಪಿ ಹಾಕಿ, ಹೋದ ಡಿಸ್ಕು ವಾಪಸ್ ಬಂದ್ಮೇಲೆ ಇನ್ನೊಂದ್ಸಲ ನೋಡಿ. ಮಿಕ್ಕಿದ್ದಕ್ಕಿಂತ ಅದೊಂದೇ ಜಾಸ್ತಿ ಏರಿದ್ರೆ ಮಧ್ಯದಲ್ಲಿ ಕರೆಂಟೇ ಹೋಗ್ತಿದೆ ಅಂತ.

ಮೂಲೆಪಿಸಿ:
199 ನಾಲ್ಕಕ್ಕೂ ಸೊನ್ನೆ. 12 ಮಾತ್ರ ಅದ್ರದ್ದೊಂದೇ ಜಾಸ್ತಿ ಏರಿದೆ!! ಎಸ್‌ಎಂಪಿಎಸ್‌ನಲ್ಲಿ (ಪಿಸಿ ಪವರ್ ಪೆಟ್ಟಿಗೆ) ಡಿಸ್ಕಿಗೆ ಹಾಕೋ ಸಾಟಾ ಪವರ್ ವೈರು ಮೂರೇ ಇತ್ತು, ಇದಕ್ಕೆ ಹಳೇ ಥರದ ಮೋಲೆಕ್ಸ್ ಪವರ್ ಪ್ಲಗ್‌ನಿಂದ ಕನ್ವರ್ಟರ್ ಹಾಕಿದೀನಿ, ಎಲ್ರೂ ಹಾಕ್ತಾರಲ್ಲ ಅದು?

ತಂತಿಗಂಟು:
ಇದನ್ನ ಮೊದ್ಲೇ ಹೇಳ್ಬಾರ್ದಾ ಸ್ವಾಮಿ. 3.5 ಇಂಚಿನ ಡಿಸ್ಕು ತಿರುಗೋಕೆ ಶುರು ಮಾಡುವಾಗ 12 ವೋಲ್ಟ್ ಲೈನಿಂದ ಸುಮಾರು 2 ಆಂಪ್ಸ್ ಎಳೆಯತ್ತೆ, ಓಡುವಾಗ ಅಷ್ಟಿಲ್ಲ, ಆದ್ರೂ ಜೋರಾಗಿ ಬರೀತಿರುವಾಗ ಪಿನ್ ಸಡಿಲ ಇದ್ರೆ ವೋಲ್ಟೇಜ್ ಕುಸಿದು ಡಿಸ್ಕು ಮಲಗತ್ತೆ. ಪೂರ್ತಿ ಆಫ್ ಮಾಡಿ, ಎಸ್‌ಎಂಪಿಎಸ್‌ನ ನೇರ ವೈರು ಈ ಡಿಸ್ಕಿಗೆ, ಕನ್ವರ್ಟರ್ ಇನ್ನೊಂದಕ್ಕೆ ಹಾಕಿ ನೋಡಿ. ಅದಕ್ಕೂ ಮುಂಚೆ ಡೇಟಾ ಬೇರೆ ಕಡೆ ಒಂದು ಕಾಪಿ ಇರ್ಲಿ, ಝಡ್1 ತಡ್ಕೊಳ್ಳೋದು ಒಂದೇ ಡಿಸ್ಕ್ ಹೋದ್ರೆ. ಇನ್ನೊಂದು, ಪ್ಲಾಸ್ಟಿಕ್ ಅಚ್ಚು ಹೊಯ್ದಿರೋ ಕನ್ವರ್ಟರ್ ಆದ್ರೆ ಎಸೀರಿ, ಒಳಗೆ ಶಾರ್ಟ್ ಆಗಿ ಸುಟ್ಟುಹೋಗೋದು ಅವೇ.

ಬಿಟ್‌ಬುಟ್ಟಿ:
ಅದಕ್ಕೇ ನಾನು ಎಚ್‌ಬಿಎ ಕಾರ್ಡ್ (ಜಾಸ್ತಿ ಡಿಸ್ಕ್ ಜೋಡ್ಸೋದು) ಹಾಕಿ 8 ಡಿಸ್ಕು ಬ್ಯಾಕ್‌ಪ್ಲೇನ್ (ಡಿಸ್ಕ್ ನೇರ ಚುಚ್ಚೋ ಬೋರ್ಡು) ಮೇಲೆ ಕೂರಿಸಿರೋದು, 10 ಗಿಗಾಬಿಟ್ ನೆಟ್‌ವರ್ಕು, ಎಲ್ಲಾ ಇಸಿಸಿ. ಫೋಟೋ ಹಾಕ್ಲಾ?

ರೇಡ್‌ರಾಯ:
ಹಾಕಿ ಹಾಕಿ. ಫ್ಯಾನ್ ಯಾವ್ದು? ನನ್ನ ರ‍್ಯಾಕ್ ಸದ್ದಿಗೆ ಮನೇಲಿ ಯಾರೂ ಆ ರೂಮಿಗೇ ಬರಲ್ಲ.

ಮೂಲೆಪಿಸಿ:
ಅದಲುಬದಲು ಮಾಡ್ದೆ. ಈಗ ಮಾಯ ಆಗ್ತಿರೋದು ಆ ಎಸ್‌ಎಂಆರ್ ಡಿಸ್ಕು, ಕನ್ವರ್ಟರ್ ಅದಕ್ಕೇ ಹಾಕಿದ್ದೆ.

ರೇಡ್‌ರಾಯ:
ಎಸ್‌ಎಂಆರ್ ಅಂದೆ ತಾನೇ.