‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಮಾತು ಅಪರಾಧಕ್ಕೂ ಸಲ್ಲುತ್ತದೆಯೇ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಮಂಡ್ಯ

ನಮ್ಮ ಪ್ರೌಢಶಾಲೆಯ ಎಂಟನೇ ತರಗತಿಯ ಹುಡುಗನೊಬ್ಬನ ತಂದೆ ಹೊಡೆದಾಟದ ಪ್ರಕರಣದಲ್ಲಿ ಜೈಲಿನಲ್ಲಿದ್ದಾರೆ. ಹೋದ ವಾರ ಬಿಸಿಯೂಟದ ಸಾಲಿನಲ್ಲಿ ಈ ಹುಡುಗ ಸಹಪಾಠಿಯ ಮುಖಕ್ಕೆ ಸ್ಟೀಲ್ ತಟ್ಟೆಯಿಂದ ಹೊಡೆದ. ಹುಬ್ಬು ಸೀಳಿ ಮೂರು ಹೊಲಿಗೆ ಬಿದ್ದವು. ಅವನ ಅಜ್ಜಿ ಶಾಲೆಗೆ ಬಂದು, ‘ಅವ್ರಪ್ಪನ ರಕ್ತ ಕಣವ್ವ, ಏನ್ ಮಾಡದು’ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಶಿಕ್ಷಕರ ಕೊಠಡಿಯಲ್ಲೂ ಇದೇ ಮಾತು. ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಮಾಡುವ ನನಗೇ ಉತ್ತರ ಹೊಳೆಯಲಿಲ್ಲ. ಆಕ್ರಮಣಶೀಲತೆ ನಿಜಕ್ಕೂ ರಕ್ತದಲ್ಲಿ ಬರುತ್ತದೆಯೇ?

ಉತ್ತರ: ಮನೋವಿಜ್ಞಾನ ಅಧ್ಯಾಪಕ, ಮೈಸೂರು

ಮೇಡಂ, ಜೀನುಗಳ ಪಾತ್ರವೇ ಇಲ್ಲವೆಂದರೆ ಸುಳ್ಳಾಗುತ್ತದೆ. ಮಿದುಳಿನಲ್ಲಿ ಸೆರೊಟೋನಿನ್‌ನಂಥ ರಾಸಾಯನಿಕಗಳನ್ನು ಒಡೆಯುವ ಕಿಣ್ವವೊಂದು ಎಂಎಒಎ ಎಂಬ ಜೀನಿನಿಂದ ಬರುತ್ತದೆ. ಈ ಜೀನು ಪೂರ್ತಿ ಕೆಟ್ಟಿದ್ದ ಡಚ್ ಕುಟುಂಬವೊಂದರ ಗಂಡಸರಲ್ಲಿ ತಡೆಯಿಲ್ಲದ ಸಿಟ್ಟು ಕಂಡುಬಂದುದನ್ನು ಹಾನ್ ಬ್ರೂನರ್ ತಂಡ 1993ರಲ್ಲಿ ವರದಿ ಮಾಡಿತು. ಆದರೆ ಅದು ತೀರಾ ಅಪರೂಪದ ದೋಷ. ನಮಗೆ ಹೆಚ್ಚು ಬೇಕಾದದ್ದು, ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವ ತನಕ ಗಮನಿಸಿ ಕ್ಯಾಸ್ಪಿ, ಮಾಫಿಟ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ. ಈ ಕಿಣ್ವದ ಚಟುವಟಿಕೆ ಕಡಿಮೆ ಮಾಡುವ ಜೀನಿನ ರೂಪವಿದ್ದು, ಬಾಲ್ಯದಲ್ಲಿ ದೌರ್ಜನ್ಯವನ್ನೂ ಅನುಭವಿಸಿದ್ದವರು ಆ ಗುಂಪಿನ ಹುಡುಗರಲ್ಲಿ ಶೇ. 12ರಷ್ಟಿದ್ದರೆ, ಹಿಂಸಾಪರಾಧಕ್ಕಾದ ಶಿಕ್ಷೆಗಳಲ್ಲಿ ಅವರ ಪಾಲು ಶೇ. 44. ಜೀನಿನ ಅದೇ ರೂಪವಿದ್ದೂ ನೆಮ್ಮದಿಯ ಮನೆಯಲ್ಲಿ ಬೆಳೆದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಮುಂದಿನ ಅಧ್ಯಯನಗಳ ಫಲಿತಾಂಶ ಎಲ್ಲೆಡೆ ಒಂದೇ ಆಗಿಲ್ಲವಾದ್ದರಿಂದ ಇದನ್ನು ‘ಅಪರಾಧದ ಜೀನು’ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು ತಮಗೆ ತಿಳಿದದ್ದೇ. ಎಂಎಒಎ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಮಗನಿಗೆ ಎಕ್ಸ್ ಬರುವುದು ತಾಯಿಯಿಂದ. ಎಲ್ಲರೂ ಹೆಸರು ಹೇಳುವ ಈ ಜೀನು ಅಪ್ಪನಿಂದ ಮಗನಿಗೆ ದಾಟುವುದೇ ಇಲ್ಲ.

ಉತ್ತರ: ನಿವೃತ್ತ ಇತಿಹಾಸ ಉಪನ್ಯಾಸಕ, ಶ್ರೀರಂಗಪಟ್ಟಣ

ರಕ್ತದ ಮಾತು ನಮ್ಮಲ್ಲಿ ಕಾನೂನೇ ಆಗಿತ್ತು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ದಾಖಲಿಸಿಕೊಂಡಿತು. ಏನೂ ತಪ್ಪು ಮಾಡದವರೂ ಹಾಜರಿ ಹಾಕಬೇಕಿತ್ತು, ಊರು ಬಿಡಲು ಅನುಮತಿ ಬೇಡಬೇಕಿತ್ತು. ಕಾಯ್ದೆ 1952ರಲ್ಲಿ ರದ್ದಾದರೂ ಕಳ್ಳತನವಾದೊಡನೆ ಅದೇ ಜನರ ಕಡೆಗೆ ಬೆರಳು ತೋರಿಸುವುದು ನಿಂತಿಲ್ಲ. ಶಿಕ್ಷಕರ ಕೊಠಡಿಯಲ್ಲಿ ಆ ಮಾತು ಬಂದಾಗ ದಯವಿಟ್ಟು ಅಲ್ಲೇ ತಡೆಯಿರಿ.

ಉತ್ತರ: ಆಪ್ತ ಸಮಾಲೋಚಕಿ, ಮೈಸೂರು

ಹೊಡೆಯುವುದನ್ನು ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಎರಡು-ಮೂರು ವರ್ಷದ ಮಕ್ಕಳು ಹೊಡೆಯುವಷ್ಟು ಬೇರಾವ ವಯಸ್ಸಿನವರೂ ಹೊಡೆಯುವುದಿಲ್ಲ. ಮಕ್ಕಳು ಬೆಳೆಯುತ್ತಾ ಕಲಿಯುವುದು ಕೈ ತಡೆಯುವುದನ್ನು. ಅದಕ್ಕೆ ಬೇಕಾದ ಮಿದುಳಿನ ಮುಂಭಾಗ ಬಲಿಯಲು ಇಪ್ಪತ್ತು ವರ್ಷ ದಾಟಬೇಕು. ತಟ್ಟೆ ಎತ್ತುವ ಮುನ್ನ ಯಾರು ಏನೆಂದರು ಎಂದು ಅವನನ್ನು ಕೇಳಿದಿರಾ?

ಪ್ರಶ್ನೆ ಕೇಳಿದವರಿಂದ:

ಇಂದು ಕೇಳಿದೆ. ‘ನಿಮ್ಮಪ್ಪನ ಜೊತೆ ಜೈಲಲ್ಲೇ ಉಣ್ಣು ಹೋಗು’ ಎಂದು ಆ ಹುಡುಗ ಹೇಳಿದ್ದನಂತೆ. ಅಪ್ಪ ಮನೆಯಲ್ಲಿದ್ದಾಗ ಬೆಲ್ಟಿನಿಂದ ಹೊಡೆಯುತ್ತಿದ್ದುದನ್ನೂ, ನೆಲ ನೋಡುತ್ತಲೇ ಹೇಳಿದ. ಎಂಟು ದಿನಗಳಲ್ಲಿ ಅವನನ್ನು ಯಾರೂ, ನಾನೂ, ಇಷ್ಟನ್ನು ಕೇಳಿರಲಿಲ್ಲ. ಸೋಮವಾರ ಎರಡೂ ಮನೆಯವರನ್ನು ಕರೆಸಿದ್ದೇನೆ. ಅಜ್ಜಿಗೆ ಮೊದಲು ಎಕ್ಸ್, ವೈ ಬಿಡಿಸಿ ತೋರಿಸುತ್ತೇನೆ.